ಬಾಗಿಲಿಗೆದುರಾದ ಎಲೆ

ಇಂದು ಚೌತಿ. ದೇವರ ಕಪಾಟಿನಲ್ಲಿ ಕರ್ಪೂರ ಹುಡುಕುವಾಗ ಹಳೆಯದೊಂದು ತಗಡಿನ ಡಬ್ಬಿ ಕೈಗೆ ಸಿಕ್ಕಿತು. ತೆರೆದರೆ ಮಲ್ಲಿಗೆಯ ಕ್ಷೀಣ ಪರಿಮಳ. ಒಳಗಿನ ಚಹಾದೆಲೆ ಮುಗಿದು ವರ್ಷಗಳಾದವು. ಕೊಟ್ಟ ವಾಂಗ್ ಈಗ ಎಲ್ಲಿದ್ದಾರೋ ತಿಳಿಯದು.

ಆಗ ನಾನು ಕೊಲ್ಲಿ ನಾಡಿನ ತೈಲ ಬಂದರು ಮೀನಾ ಅಲ್ ಅಹ್ಮದಿಯಲ್ಲಿ ಉಗ್ರಾಣ ನೋಡಿಕೊಳ್ಳುತ್ತಿದ್ದೆ. ಚೀನದಿಂದ ಬಂದ ತಂಡದಲ್ಲಿ ವಾಂಗ್ ವೆಲ್ಡರ್, ನನ್ನ ಓರಗೆಯವರು. ಲಿಯು ಅವರ ಮೇಲಿನ ಎಂಜಿನಿಯರ್, ತರುಣ. ಒಬ್ಬರಿಗೆ ಕ್ಯಾಂಪಿನ ಬಸ್ಸು, ಇನ್ನೊಬ್ಬರಿಗೆ ಕಾರು. ಸಮಾನತೆಯ ಹೆಸರಿನಲ್ಲಿ ಕಟ್ಟಿದ ದೇಶದವರಲ್ಲಿ ಮೇಲುಕೀಳು ಇರಲಾರದೆಂದು ನಾನು ನಂಬಿದ್ದೆ. ಶಾಸ್ತ್ರ ಓದಿದವನಿಗೆ ಲೋಕವೂ ತಿಳಿದಿರಬೇಕೆಂಬ ನಿಯಮವಿಲ್ಲವಷ್ಟೆ, ಓದುಗ ಮಿತ್ರರೇ.

ಅಂಥದೇ ಒಂದು ಚೌತಿಯ ಊಟಕ್ಕೆ ಇಬ್ಬರನ್ನೂ ಕರೆದೆ. ನೈವೇದ್ಯವಾದ ಮೇಲೆ, ವಯಸ್ಸಿಗೆ ಹಿರಿಯರೆಂದು ವಾಂಗರನ್ನು ಪೂರ್ವಾಭಿಮುಖವಾಗಿ ಕೂರಿಸಿದೆ. ಲಿಯುವಿಗೆ ಪಕ್ಕದ ಎಲೆ. ನಮ್ಮ ಮನೆಯ ಬಾಗಿಲೂ ಪೂರ್ವಕ್ಕೇ. ಚೀನೀಯರಲ್ಲಿ ಬಾಗಿಲಿಗೆದುರಾದ ಆಸನವೇ ಅಗ್ರಸ್ಥಾನವೆಂದು ಆಗ ನಾನರಿತಿರಲಿಲ್ಲ. ವಾಂಗ್ ಬೆವರಿ, ಎದ್ದು, ಲಿಯುವಿಗೆ ಆ ಜಾಗ ತೋರಿಸಿದರು. ಲಿಯು ಕೂರಲೂ ಇಲ್ಲ, ಬೇಡವೆನ್ನಲೂ ಇಲ್ಲ, ನಿಂತೇ ಇದ್ದ.

ಪಾಯಸದ ಸೌಟು ಹಿಡಿದು ಬಂದ ನನ್ನಾಕೆ ಗದರಿದಳು: “ಎಂತ ಮಾರ್ರೆ, ಬಡಿಸಿದ ಎಲೆ ಬಿಟ್ಟು ಏಳ್ಲಿಕ್ಕುಂಟಾ? ಕೂತ್ಕೊಳ್ಳಿ!”

ಭಾಷೆ ತಿಳಿಯದಿದ್ದರೂ ಸೌಟು ತಿಳಿಯಿತು. ವಾಂಗ್ ಕುಳಿತರು.

“ಮಕ್ಕಳೆಷ್ಟಂತೆ, ಕೇಳಿ” ಎಂದಳು ನನಗೆ. ವಾಂಗರ ಉತ್ತರವನ್ನು ಲಿಯು ನಿಂತಲ್ಲಿಂದಲೇ ಇಂಗ್ಲಿಷಿಗೆ ತಿರುಗಿಸಿದ, ನಾನು ಕನ್ನಡಕ್ಕೆ.

“ಒಬ್ಬಳೇ ಮಗಳು. ಹಳ್ಳಿಯಲ್ಲಿ ಅಜ್ಜಿಯ ಹತ್ತಿರ.”

“ಅಯ್ಯೋ, ಇವರು ದುಡಿದ ಶಹರದಲ್ಲೇ ಶಾಲೆಗೆ ಹಾಕ್ಬಹುದಿತ್ತಲ್ಲ?”

“ಸರ್ಕಾರದ ಕಾಗದದಲ್ಲಿ ಅವಳ ವಾಸದ ದಾಖಲೆ ಹುಟ್ಟೂರಿನದು. ಶಹರದ ಸರ್ಕಾರಿ ಶಾಲೆ ಸೇರಿಸಿಕೊಳ್ಳಲಿಲ್ಲ.”

ಅವಳು ಲಿಯುವಿನತ್ತ ತಿರುಗಿದಳು: “ನಿನ್ನ ಮಕ್ಕಳು ಎಲ್ಲಿ ಓದುವುದು ಮಗಾ?”

“ಮಗ ಅದೇ ಶಹರದಲ್ಲಿ” ಎಂದ ಲಿಯು. ವಾಂಗ್ ತಲೆ ಎತ್ತದೆ ಮತ್ತೇನೋ ಹೇಳಿದರು. ಲಿಯು ಅದನ್ನೂ ತಿರುಗಿಸಿದ. “ನನ್ನ ಮಗನ ಶಾಲೆಗೆ ಕಬ್ಬಿಣ ಬೆಸೆದವರಲ್ಲಿ ಇವರೂ ಒಬ್ಬರಂತೆ. ನನಗೆ ಗೊತ್ತಿರಲಿಲ್ಲ.”

ಆಮೇಲೆ ಅವನು ಪಕ್ಕದ ಎಲೆಗೆ ಕುಳಿತ. ನೀರಿನ ಹೂಜಿಯನ್ನು ಎರಡೂ ಕೈಯಲ್ಲೆತ್ತಿ ವಾಂಗರ ಲೋಟ ತುಂಬಿದ.

ಅದರಿಂದ ಚೀನ ಬದಲಾಗಲಿಲ್ಲ, ಬಸ್ಸೂ ಬದಲಾಗಲಿಲ್ಲ. ಮರುದಿನ ವಾಂಗ್ ಎಂದಿನಂತೆ ಅದರಿಂದಲೇ ಇಳಿದರು, ಈ ಡಬ್ಬಿಯನ್ನು ನನಗೆಂದು ಹಿಡಿದುಕೊಂಡು. ಪಂಕ್ತಿಭೇದ ಊಟದ ಮನೆಯದೆಂದಷ್ಟೇ ತಿಳಿದಿದ್ದ ನಾನು, ಸರ್ಕಾರದ ಕಾಗದವೂ ಮನುಷ್ಯರನ್ನು ಬೇರೆ ಬೇರೆ ಪಂಕ್ತಿಯಲ್ಲಿ ಕೂರಿಸಬಲ್ಲದೆಂದು ಅಂದು ಅರಿತೆ. ಇಕಾಮಾ ಎಂಬ ವಾಸದ ಪರವಾನಗಿಯ ಆಸರೆಯಲ್ಲಿ ಬಾಳುವವನಿಗೆ ಇದು ಮೊದಲೇ ಹೊಳೆಯಬೇಕಿತ್ತು.

ಡಬ್ಬಿ ಹಿಡಿದೇ ಅಡುಗೆಮನೆಗೆ ಬಂದೆ. ಕಟ್ಟಡದ ಕಾವಲುಗಾರ ರಹೀಮ್ ಭಾಯಿಗೆ ಕೆಳಗೆ ಕಳಿಸಲು ಸೊಸೆ ಎಂದಿನಂತೆ ಬುತ್ತಿ ತುಂಬುತ್ತಿದ್ದಳು.

“ಬುತ್ತಿ ಬೇಡಮ್ಮ, ಮೇಲಕ್ಕೇ ಕರೆ. ಬಾಗಿಲಿಗೆದುರು ಎಲೆ ಹಾಕು.”

“ಅದು ನಿಮ್ಮ ಜಾಗ ಅಲ್ವಾ ಮಾವ?”

“ಹೌದು” ಎಂದೆ. “ಈ ಸಲ ಗೊತ್ತಿದ್ದೇ ಹೇಳುವುದು.”