ಖಾಲಾ ಬ್ಯಾಡ ಅಂದಿದ್ದಳು

ನಮ್ಮ ಓಣಿಯ ಸೊಸೆಯಂದಿರೆಲ್ಲ ಹೊರಗಿನಿಂದ ಬಂದವರು. ನನ್ನ ಅವ್ವ ಜೇವರ್ಗಿ ಕಡೆಯವಳು, ದೊಡ್ಡವ್ವ ಆಳಂದದವಳು. ಗೌಡರ ಹೆಂಡತಿ ಗಡಿ ದಾಟಿ ಅಕ್ಕಲಕೋಟದಿಂದ ಬಂದವರು. ಮೊಮ್ಮಕ್ಕಳಾದ ಮೇಲೂ ಸಿಟ್ಟು ಬಂದರೆ ಮರಾಠಿಯಲ್ಲೇ ಬೈಯುತ್ತಿದ್ದರು. ಅದೇ ಊರಿನಲ್ಲಿ ಹುಟ್ಟಿ ಅದೇ ಊರಿಗೆ ಸೊಸೆಯಾದವಳು ಖಾಲಾ ಒಬ್ಬಳೇ. ಸರ್ಕಾರದ ಲೆಕ್ಕದಲ್ಲಿ ಪರದೇಶದವಳೂ ಆಕೆ ಒಬ್ಬಳೇ.

ಖಾಲಾ ನಮ್ಮ ಪಕ್ಕದ ಮನೆಯವಳು. ಅವ್ವನಿಗೂ ಆಕೆಗೂ ಒಡಹುಟ್ಟಿದವರ ಹಾಗೆ ಬಳಕೆ ಇದ್ದುದರಿಂದ ನಮಗೆ ಖಾಲಾ, ಅಂದರೆ ಚಿಕ್ಕವ್ವ. ನಿಜಾಮರ ಆಡಳಿತ ಮುಗಿದ ಗದ್ದಲದಲ್ಲಿ ಆಕೆಯ ಅಪ್ಪ ಹೆದರಿಕೊಂಡು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಕರಾಚಿಗೆ ಹೋದನಂತೆ. ಆಗ ಆಕೆಗೆ ಐದೋ ಆರೋ ವರ್ಷ. ಪ್ರಾಯಕ್ಕೆ ಬಂದ ಮೇಲೆ ಊರಲ್ಲೇ ಉಳಿದಿದ್ದ ಸೋದರಮಾವನ ಮಗನಿಗೆ ಕೊಟ್ಟರು. ಆ ದೇಶದ ಪಾಸ್‌ಪೋರ್ಟಿನ ಮೇಲೆ ಮದುಮಗಳಾಗಿ ವಾಪಸ್ ಬಂದಳು. ಗಂಡ ಪಡಸಾಲೆಯಲ್ಲಿ ಮಷಿನ್ ಇಟ್ಟುಕೊಂಡು ಬಟ್ಟೆ ಹೊಲಿಯುತ್ತಿದ್ದ. ಖಾಲಾ ಪ್ರತಿವರ್ಷ ಗುಲ್ಬರ್ಗಾಕ್ಕೆ ಹೋಗಿ ಇನ್ನೊಂದು ವರ್ಷ ಇರಲು ಪರವಾನಗಿ ತರಬೇಕಿತ್ತು. ಈ ದೇಶದ ಪೌರತ್ವ ಬೇಕೆಂದು ಅರ್ಜಿ ಹಾಕಿದಾಗ ನಾನು ಕನ್ನಡ ಶಾಲೆಯಲ್ಲಿದ್ದೆ. ರಾಜ್ಯಶಾಸ್ತ್ರದಲ್ಲಿ ಎಂ.ಎ. ಮುಗಿಸಿ ಊರಿಗೆ ಬಂದು ಕೂತಾಗಲೂ ಅದು ‘ವಿಚಾರಣೆಯಲ್ಲಿದೆ’.

ಊರಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ಆದರೆ ಎಲ್ಲರ ತಲೆಯಲ್ಲಿ ಕರಾಚಿ ಅಂದರೆ ಆಕೆಯ ತವರು, ಅಷ್ಟೇ. ಸೊಲ್ಲಾಪುರಕ್ಕಿಂತ ಸ್ವಲ್ಪ ದೂರ.

ಮುಂದಿನದನ್ನು ಬರೆಯುವಾಗ ನನಗೆ ನನ್ನ ಮೇಲೇ ಭರವಸೆ ಇಲ್ಲ. ಆಗಲೂ ದಿನಚರಿ ಬರೆಯುತ್ತಿದ್ದೆ, ಆದರೆ ಆ ವಾರದ ಪುಟಗಳ ತುಂಬ ನನ್ನ ನೌಕರಿಯ ಚಿಂತೆ. ಖಾಲಾಳ ಬಗ್ಗೆ ಇರುವುದು ನಾಲ್ಕು ಸಾಲು. ಉಳಿದದ್ದನ್ನೆಲ್ಲ ಸಿಟ್ಟಿನಲ್ಲಿ ಮತ್ತೆ ಮತ್ತೆ ನೆನೆದಿದ್ದೇನೆ. ಹಾಗೆ ನೆನೆದದ್ದು ಎಷ್ಟು ಸವೆದಿದೆಯೋ, ಎಷ್ಟು ಬೆಳೆದಿದೆಯೋ.

ಮಂಡಲ ಪಂಚಾಯ್ತಿಗಳ ಮೊದಲ ಚುನಾವಣೆ ಬಂತು. ನಮ್ಮ ಊರಿನ ಒಂದು ಸೀಟು ಹೆಂಗಸರಿಗೆ ಮೀಸಲು. ಗೌಡರ ಕಡೆಯವರು ಕೆಳಗಿನ ಓಣಿಯ ಮುಖಂಡನ ಹೆಂಡತಿಯನ್ನು ಒಪ್ಪಲಿಲ್ಲ, ಆ ಓಣಿಯವರು ಗೌಡರ ಹೆಂಡತಿಯನ್ನು ಒಪ್ಪಲಿಲ್ಲ. ಆಗ ಯಾರೋ ಖಾಲಾಳ ಹೆಸರೆತ್ತಿದರು. ಎರಡೂ ಕಡೆಯವರು ಒಂದೇ ಉಸಿರಿಗೆ ಹೂಂ ಅಂದರು. ಹಿಂದಿನ ಬೇಸಿಗೆಯಲ್ಲಿ ನಮ್ಮ ಕೈಪಂಪು ಕೆಟ್ಟು ತಿಂಗಳುಗಟ್ಟಲೆ ನಿಂತಾಗ, ಬೇರೆ ಕೆಲಸಕ್ಕೆ ಬಂದಿದ್ದ ಸಾಹೇಬರ ಜೀಪಿನ ಗಾಲಿಗೆ ಖಾಲಿ ಕೊಡ ಅಡ್ಡ ಇಟ್ಟವಳು ಆಕೆ. ಆಕೆಯ ಹಿಂದೆ ಓಣಿಯ ಕೊಡಗಳೆಲ್ಲ ಸಾಲಾಗಿ ಬಂದು ಕೂತವು. ಎರಡೇ ದಿನಕ್ಕೆ ಪಂಪು ರಿಪೇರಿಯಾಯಿತು.

ಗೌಡರೇ ನಾಲ್ಕು ಮಂದಿಯೊಂದಿಗೆ ಎಲೆ ಅಡಿಕೆ ಹಿಡಿದು ಆಕೆಯ ಬಾಗಿಲಿಗೆ ಬಂದರು. ನಾನೂ ಅವ್ವನೂ ಒಳಗೆ ಆಕೆಯ ಜೊತೆ ಇದ್ದೆವು. ಖಾಲಾ ಪರದೆಯ ಹಿಂದೆ ನಿಂತಳು.

“ತಂಗಿ, ಊರ ಮಂದಿ ಕೂಡಿ ನಿನ್ನ ಹೆಸರು ತೆಗ್ದೀವಿ. ಇಲ್ಲ ಅನಬ್ಯಾಡ.”

“ಬ್ಯಾಡ್ರಿ ಗೌಡ್ರ. ನನ್ನ ಕೈಲೆ ಆಗಂಗಿಲ್ರಿ.”

“ಜೀಪಿಗಿ ಕೊಡ ಅಡ್ಡ ಇಡಾಕ ಆಗ್ತದ, ಮೀಟಿಂಗಿನ್ಯಾಗ ಕೂಡ್ರಾಕ ಆಗಂಗಿಲ್ಲೇನ್?”

ಎಲ್ಲರೂ ನಕ್ಕರು.

“ಹಂಗಲ್ರಿ. ಬ್ಯಾಡ್ರಿ. ನಂದು ಕಾಗದಪತ್ರ ಬ್ಯಾರೆ ಅದಾವ್ರಿ.”

“ಕಾಗದ ನಾವ್ ನೋಡ್ಕೋತೇವಿ ತಗೋ.”

“ನಿಮ್ಮ ಕಾಲಿಗಿ ಬೀಳ್ತೇನಿ, ಬ್ಯಾಡ್ರಿ.”

“ನೋಡ್ರಿಲೇ,” ಎಂದು ಗೌಡರು ಉಳಿದವರತ್ತ ತಿರುಗಿದರು, “ಎಂಥ ಸಂಭಾವಿತ ಹೆಣ್ಣಮಗಳು!”

ನಮ್ಮ ಕಡೆ ಕೊಟ್ಟದ್ದನ್ನು ಮೊದಲ ಸಲಕ್ಕೇ ಯಾರೂ ತೆಗೆದುಕೊಳ್ಳುವುದಿಲ್ಲ. ಊಟಕ್ಕೆ ಕೂತವರು ಸಾಕು ಅಂದರೆ ಇನ್ನೊಂದು ರೊಟ್ಟಿ ಬೀಳುತ್ತದೆ. ಒಂದೇ ಮಾತಿಗೆ ಹೂಂ ಅಂದ ಹೆಂಗಸನ್ನು ಆಸೆಬುರುಕಿ ಅನ್ನುತ್ತಾರೆ. ಖಾಲಾ ಎಷ್ಟು ಜೋರಾಗಿ ಬ್ಯಾಡ ಅಂದಳೋ ಅಷ್ಟು ಅವರಿಗೆ ಆಕೆಯ ಮರ್ಯಾದೆ ಕಂಡಿತು.

ನಾನು ಹೊರಗೆ ಬಂದು ಹೇಳಿದೆ. ಹೇಳಿದ್ದು ಖರೆ, ಎಷ್ಟು ಗಟ್ಟಿಯಾಗಿ ಹೇಳಿದೆನೋ ಗೊತ್ತಿಲ್ಲ. “ಗೌಡ್ರ, ಖಾಲಾಗ ಇನ್ನೂ ಈ ದೇಶದ ಪೌರತ್ವ ಸಿಕ್ಕಿಲ್ರಿ. ನಿಲ್ಲೋದಿರಲಿ, ಓಟು ಹಾಕಾಕೂ ಅಧಿಕಾರ ಇಲ್ಲ.”

“ಯಾಕಿಲ್ಲ? ಲಗ್ನ ಆಗಿ ಬಂದಾಕಿ ಗಂಡನ ಊರಾಕಿ. ನಮ್ಮಾಕಿ ಅಕ್ಕಲಕೋಟದಾಕಿ, ಓಟು ಹಾಕಂಗಿಲ್ಲೇನ್?”

“ಅದು ಬ್ಯಾರೆ ರಾಜ್ಯರಿ. ಕರಾಚಿ ಬ್ಯಾರೆ ದೇಶ.”

“ತವರು ದೂರ ಇದ್ದಷ್ಟೂ ಛಲೋ. ಸಿಟ್ಟ ಮಾಡಿ ಓಡಿ ಹೋಗಂಗಿಲ್ಲ!” ಮತ್ತೆ ನಗು. ಹಿಂದೆ ನಿಂತವನೊಬ್ಬ, “ಹಂಗಾರ ಇಕಿನೇ ನಿಲ್ಲಲಿ, ಎಂ.ಎ. ಕಲ್ತಾಳ,” ಅಂದ. ಗೌಡರು ಕೈ ಅಲ್ಲಾಡಿಸಿದರು. “ಇಕಿ ನಾಳಿ ಲಗ್ನ ಆಗಿ ಹೋಗಾಕಿ. ಊರಾಕಿ ಹ್ಯಾಂಗಾಗ್ತಾಳ?”

ಅಲ್ಲಿಗೆ ಮಾತು ಮುಗಿಯಿತು. ಆಕೆ ಈವರೆಗೆ ಒಮ್ಮೆಯೂ ಓಟು ಹಾಕಿಲ್ಲ ಎಂಬುದು ಯಾಕೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ ಎಂದು ಆಮೇಲೆ ಯೋಚಿಸಿದೆ. ಓಟಿನ ದಿನ ಓಣಿಯ ಕೂಸುಗಳನ್ನೆಲ್ಲ ಆಕೆಯ ಅಂಗಳದಲ್ಲಿ ಬಿಟ್ಟೇ ಹೆಂಗಸರು ಸಾಲಿಗೆ ಹೋಗುತ್ತಿದ್ದರು. ಕೂಸು ನೋಡಿಕೊಳ್ಳುವವಳು ಸಾಲಿನಲ್ಲಿ ಇಲ್ಲದ್ದು ಯಾರಿಗೆ ಕಾಣಬೇಕು?

ಹಿರಿಯರ ಮಾತು ಮೀರಲಾಗದೆ ಖಾಲಾ ಹೊರಟಳು; ನಾಮಪತ್ರ ಕೊಡಲು ಬಸ್ಸಿನಲ್ಲಿ ಅಫಜಲಪುರಕ್ಕೆ ಹೋದೆವು. ಹೆಣ್ಣುಮಗಳ ಜೊತೆ ಹೆಣ್ಣುಮಗಳೊಬ್ಬಳು ಇರಲಿ ಎಂದು ನನ್ನನ್ನೂ ಕರೆದರು. ಗೌಡರು ಆಗಲೇ ಚೆಂಡು ಹೂವಿನ ಹಾರ ಕೊಂಡು ಚೀಲದಲ್ಲಿ ಹಾಕಿಕೊಂಡಿದ್ದರು. ಖಾಲಾ ನನ್ನ ಪಕ್ಕ ಕೂತಳು. ದಿನಚರಿಯಲ್ಲಿ ‘ಖಾಲಾ ನಗುತ್ತಿದ್ದಳು’ ಎಂದಿದೆ. ಬುರ್ಖಾದೊಳಗಿನ ನಗು ನನಗೆ ಹೇಗೆ ಕಂಡಿತೋ.

ಕಚೇರಿಯಲ್ಲಿ ಗುಮಾಸ್ತ ಮತದಾರರ ಪಟ್ಟಿ ತಿರುವಿ ಹೆಸರಿಲ್ಲ ಅಂದ. “ಇಲ್ಲಂದ್ರ ಬರ್ಕೋರಿ,” ಅಂದರು ಗೌಡರು. ಒಳಗಿದ್ದ ಅಧಿಕಾರಿ, ಯಾಕಿಲ್ಲ ಎಂದು ಕೇಳಿದರು. ಆಗ ಖಾಲಾ ತಾನೇ ಮುಂದೆ ಬಂದು ಹೇಳಿದಳು: “ಸಾಹೇಬ್ರ, ನಂದು ಪಾಸ್‌ಪೋರ್ಟ್ ಪಾಕಿಸ್ತಾನದ್ದು ಅದರಿ. ಇವರಿಗಿ ಹೇಳೀನ್ರಿ. ಕೇಳವಲ್ರು.”

ಅಧಿಕಾರಿಯ ಪೆನ್ನು ನಿಂತಿತು. “ಏನ್ರಿ ಗೌಡ್ರ, ಫಾರಿನ್ನರಿಗಿ ನಿಂದ್ರಸಾಕ ಬಂದೀರೇನು?”

“ಫಾರಿನ್ನಾ? ಫಾರಿನ್ನದವರು ಬೆಳ್ಳಗ ಇರ್ತಾರ್ರಿ. ಇಕಿ ನಮ್ಮ ಕಣ್ಣ ಮುಂದ ಹುಟ್ಟಿದಾಕಿ. ಇಕಿ ಅಪ್ಪನ ಸಂಗಟ ನಾ ಚಿಣ್ಣಿದಾಂಡು ಆಡೀನಿ.”

ನನಗೆ ತಡೆಯಲಾಗಲಿಲ್ಲ. ಯುರೋಪಿನ ಕೆಲವು ದೇಶಗಳಲ್ಲಿ ಕೆಲವು ವರ್ಷ ನೆಲೆಸಿದ ಪರದೇಶದವರಿಗೂ ಊರಿನ ಮಟ್ಟದ ಚುನಾವಣೆಯಲ್ಲಿ ಓಟು ಕೊಡುತ್ತಾರೆಂದು ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಓದಿದ್ದೆ. ದೇಶ ಆಳುವುದು ಬೇರೆ, ಊರ ನೀರು ದೀಪ ನೋಡಿಕೊಳ್ಳುವುದು ಬೇರೆ; ಮನೆಪಟ್ಟಿ ತೆರಿಗೆ ಕಟ್ಟಿಸಿಕೊಳ್ಳುವ ಪಂಚಾಯ್ತಿ ಅವರ ಮಾತನ್ನೂ ಕೇಳಬೇಕಲ್ಲವೇ ಅಂದೆ. ಪರೀಕ್ಷೆಯಲ್ಲಿ ಬರೆದ ಹಾಗೆ ಒಂದೊಂದೇ ಅಂಶ ಹೇಳಿದೆನೆಂದು ಕಾಣುತ್ತದೆ.

“ಹಂಗಾರ ಅಲ್ಲೇ ಒಯ್ದು ನಿಂದ್ರಸ್ರಿ ಬಾಯಾರ,” ಅಂದರು ಅಧಿಕಾರಿ. ಗೌಡರ ಮಂದಿಯೂ ನಕ್ಕರು. ಅಧಿಕಾರಿ ಹೇಳಿದ್ದು ಕಾನೂನು, ತಪ್ಪಲ್ಲ. ಅದೇ ನನ್ನನ್ನು ಇನ್ನಷ್ಟು ಉರಿಸಿತು.

ಮತ್ತೆ ಬಾಯಿ ತೆಗೆಯುವಷ್ಟರಲ್ಲಿ ಖಾಲಾ ನನ್ನ ಸೆರಗು ಜಗ್ಗಿದಳು. “ಸುಮ್ಕಿರು ಬೇಟಾ. ನೀ ಜಗಳಾಡಿದಷ್ಟೂ ಆ ಅರ್ಜಿಗಿ ಕಲ್ಲು ಬೀಳ್ತದ.” ಆಕೆಗೆ ಸೀಟು ಬೇಕಿರಲಿಲ್ಲ. ವರ್ಷಗಟ್ಟಲೆ ಕಾದ ಪೌರತ್ವ ಕೈತಪ್ಪಿದರೆ ಎಂಬ ಒಂದೇ ಭಯ. ಅಷ್ಟರಲ್ಲಿ ಅಧಿಕಾರಿ ಆಕೆಯ ಗಂಡನ ಹೆಸರು, ಊರು ಕೇಳಿ ಬರೆದುಕೊಂಡಾಗಿತ್ತು. “ಇಂಥವರು ಬಂದಿದ್ರು ಅಂತ ಮ್ಯಾಲ ತಿಳಸಬೇಕಾಗ್ತದ,” ಅಂದರು.

ವಾಪಸ್ ಬರುವಾಗ ಹಾರದ ಚೀಲವನ್ನು ಹಿಡಿಯಲು ಯಾರಿಗೂ ಮನಸ್ಸಿರಲಿಲ್ಲ. ಅದು ಖಾಲಾಳ ತೊಡೆಯ ಮೇಲೆ ಬಂದು ಕೂತಿತು.

ಕೆಲವು ದಿನಗಳಲ್ಲಿ ಆಕೆಗೆ ಮೇಲಿನ ಕಚೇರಿಯಿಂದ ಕರೆ ಬಂತು. ರಾಜಕೀಯಕ್ಕೆ ಯಾಕೆ ಕೈ ಹಾಕಿದೆ, ಯಾರು ಹೇಳಿಕೊಟ್ಟರು ಎಂದು ಕೇಳಿದರಂತೆ. “ಊರಾಗ ಹೇಳಿದ್ರು ಅಂದೆ. ಯಾವ ಊರಾಗ ಅಂತ ಕೇಳಿದ್ರು,” ಎಂದಳು ಅವ್ವನ ಮುಂದೆ. ಆ ಸಲ ವರ್ಷದ ಬದಲು ಆರು ತಿಂಗಳ ಪರವಾನಗಿ ಸಿಕ್ಕಿತು. ಪೌರತ್ವದ ಅರ್ಜಿಗೆ ಹೊಸದಾಗಿ ವಿಚಾರಣೆ.

ಸೀಟಿಗೆ ಎರಡೂ ಕಡೆಯವರು ನಿಂತು ಗೌಡರ ಹೆಂಡತಿ ಗೆದ್ದರು. ಓಟಿನ ದಿನ ಖಾಲಾಳ ಅಂಗಳದಲ್ಲಿ ಎಂದಿನಂತೆ ಕೂಸುಗಳು. ನಾಳೆ ಲಗ್ನವಾಗಿ ಹೋಗುವ ನಾನೂ ಓಟು ಹಾಕಿದೆ, ಅದನ್ನು ಎಣಿಸಿಕೊಂಡರು. ನಮ್ಮ ಓಣಿಯ ನಡುವೆ ಬರಬೇಕಿದ್ದ ನಲ್ಲಿ ಗೌಡರ ಮನೆಯ ಮುಂದೆ ಬಂತು.

ಮದುವೆಯಾಗಿ ಗುಲ್ಬರ್ಗಾಕ್ಕೆ ಹೋದ ಎಷ್ಟೋ ವರ್ಷದ ಮೇಲೆ, ಗ್ರಾಮ ಪಂಚಾಯ್ತಿ ಚುನಾವಣೆಯ ಹೊತ್ತಿಗೆ ತವರಿಗೆ ಬಂದಿದ್ದೆ. ಖಾಲಾಳ ವಿಚಾರಣೆ ಇನ್ನೂ ನಡೆದಿತ್ತು. ಆಕೆ ಇಲ್ಲೇ ಹುಟ್ಟಿದವಳೆಂದು ಹಿರಿಯರೊಬ್ಬರು ಬಂದು ಹೇಳಿಕೆ ಕೊಟ್ಟರೆ ಅನುಕೂಲವಾಗುತ್ತದೆಂದು ವಕೀಲರು ಅಂದಿದ್ದರು. ನಾನೇ ಗೌಡರನ್ನು ಕೇಳಲು ಹೋದೆ.

“ಬರ್ತಿದ್ದೆ ಯವ್ವಾ, ಮೊಣಕಾಲು ಹಿಡ್ದಾವ,” ಅಂದರು. ಆಮೇಲೆ, ಬಹಳ ಬೇಸರದಿಂದಲೇ, “ಆವತ್ತು ಆಕಿ ಒಂದ್ ಮಾತು ಬಾಯಿ ಬಿಟ್ಟು ಹೇಳಿದ್ದರ ಇಷ್ಟು ತಾಪತ್ರಯ ಆಗ್ತಿದ್ದಿಲ್ಲ.”

“ಹೇಳಿದ್ಳಲ್ರಿ. ಕಾಲಿಗಿ ಬೀಳ್ತೇನಿ ಅಂದ್ಳು.”

“ಹೆಣ್ಣಮಕ್ಕಳು ಹಂಗ ಅಂತಾರ.”

ಅಲ್ಲಿಂದ ನೇರ ಖಾಲಾಳ ಮನೆಗೆ ಬಂದೆ. ಗೌಡರು ಬರುವುದಿಲ್ಲವೆಂದು ಹೇಳಿದೆ. ಆಕೆ ನನ್ನ ಮುಂದೆ ತಾಟು ಇಟ್ಟಳು. ಅಂಗಳದಲ್ಲಿ ಯಾರದೋ ಕೂಸು ಅಳುತ್ತಿತ್ತು. ಎರಡು ರೊಟ್ಟಿ ತಿಂದು ಸಾಕು ಅಂದೆ. ಹೊಟ್ಟೆ ನಿಜವಾಗಿಯೂ ತುಂಬಿತ್ತು. ತಾಟಿನ ಮೇಲೆ ಕೈ ಅಡ್ಡ ಹಿಡಿದು ಸಾಕು ಖಾಲಾ, ಖರೇನೇ ಸಾಕು ಅಂದೆ. ಆಕೆ ನನ್ನ ಕೈ ಸರಿಸಿ ಇನ್ನೊಂದು ಬಿಸಿ ರೊಟ್ಟಿ ಹಾಕಿದಳು.

“ಉಣ್ಣು. ಸಾಕಂದ್ರ ಯಾರ್ ಕೇಳ್ತಾರ ಬೇ ಈ ಊರಾಗ?” ಎಂದು ನಕ್ಕಳು.

ನನಗೆ ನಗು ಬರಲಿಲ್ಲ. ರೊಟ್ಟಿ ತಿಂದೆ.