ಹಿತ್ತಿಲ ದುರ್ಬೀನು ಮತ್ತು ನಮ್ಮ ಅತ್ತೆ

ಸೋಮವಾರದ ಬೆಳಗು ನಮ್ಮ ಮನೆಯಲ್ಲಿ ಹೀಗೆ. ಮೊದಲು ಅಂಗಳಕ್ಕೆ ನೀರು. ಆಮೇಲೆ ಹಾಲು ಕಾಯಿಸುವುದು, ಮಜ್ಜಿಗೆ ಕಡೆಯುವುದು. ನಾನು ಬೆಣ್ಣೆ ತೆಗೆಯುವಷ್ಟರಲ್ಲಿ ಅತ್ತೆ ಲಿಂಗಪೂಜೆ ಮುಗಿಸಿ, ಅಂಗೈಯಲ್ಲಿ ತೇಯ್ದ ವಿಭೂತಿ ಹಿಡಿದು ಹಿತ್ತಿಲಿಗೆ ಹೋಗುತ್ತಾರೆ. ಅಲ್ಲಿರುವ ಒಂದು ಯಂತ್ರಕ್ಕೆ ಮೂರು ಬೆರಳಿನಿಂದ ವಿಭೂತಿ ಎಳೆದು, ಕೈಮುಗಿದು ಬರುತ್ತಾರೆ.

ಯಂತ್ರಕ್ಕೇ? ಹೌದು.

ನಮ್ಮ ಹಿತ್ತಿಲಿನಲ್ಲಿ ಒಂದು ದುರ್ಬೀನು ಇದೆ. ತಳದಲ್ಲಿ ಕನ್ನಡಿ ಕೂರಿಸಿದ, ಆಳುದ್ದದ ಕೊಳವೆ. ಹಿರಿಯೂರಿನ ಬಂಗಲೆಯಲ್ಲಿದ್ದ ಇಂಗ್ಲಿಷ್ ದೊರೆಯೊಬ್ಬರು ತಮ್ಮ ಸೀಮೆಗೆ ಹೊರಟಾಗ ನಮ್ಮ ಮಾವನವರಿಗೆ ಬಿಟ್ಟುಹೋದದ್ದು. (ಆ ದೊರೆಯ ತಂದೆಯ ಕಾಲದ್ದಂತೆ. ಅಂದರೆ ಆಗಲೇ ಹಳೆಯದು.) ಮಾವ ಆಗ ಅಲ್ಲಿ ಶಾಲಾ ಮೇಷ್ಟ್ರು. ಗಾಡಿಯಲ್ಲಿ ಹುಲ್ಲು ಹಾಸಿ, ಬಾಣಂತಿಯನ್ನು ಕರೆತರುವಂತೆ ದುರ್ಗಕ್ಕೆ ತಂದು, ಒಂದು ಕಲ್ಲುಕಂಬದ ಮೇಲೆ ನಿಲ್ಲಿಸಿದರು.

ದುರ್ಬೀನು ಸಾಲದು. ಆಕಾಶ ನಿಲ್ಲುವುದಿಲ್ಲವಲ್ಲ? ಕಣ್ಣಿಟ್ಟು ಉಸಿರು ಬಿಡುವಷ್ಟರಲ್ಲಿ ಚುಕ್ಕಿ ಅಂಚಿಗೆ ಜಾರಿ ಮಾಯವಾಗುತ್ತದೆ. ಅದಕ್ಕೇ ಕಂಬಕ್ಕೆ ಒಂದು ಹಿತ್ತಾಳೆಯ ಪೆಟ್ಟಿಗೆ. ಒಳಗೆ ಗಡಿಯಾರದಂತೆ ಹಲ್ಲುಚಕ್ರಗಳು. ಹಗ್ಗ ಸುತ್ತಿ, ಅದರ ತುದಿಗೆ ಭಾರ ಕಟ್ಟಿ ಪಕ್ಕದ ಗುಂಡಿಗೆ ಇಳಿಬಿಟ್ಟರೆ, ಭಾರ ಇಳಿಯುತ್ತಾ ಚಕ್ರ ತಿರುಗುತ್ತದೆ, ಕೊಳವೆ ಚುಕ್ಕಿಯ ಹಿಂದೆಯೇ ಮೆಲ್ಲಗೆ ಹೊರಳುತ್ತದೆ. ಅವಸರ ಮಾಡದಂತೆ ತಡೆಯಲು ಮೇಲೆ ಎರಡು ಗುಂಡುಗಳು ಗಿರಿಗಿರಿ ಸುತ್ತುತ್ತವೆ. ಒಂದು ಸಲ ಸುತ್ತಿದರೆ ಅರ್ಧ ಗಂಟೆ. ದೊರೆಯ ಸೀಸದ ಭಾರ ದಾರಿಯಲ್ಲಿ, ಆದಿವಾಲದ ಹತ್ತಿರವೆಲ್ಲೋ ಗಾಡಿಯಿಂದ ಬಿದ್ದುಹೋಯಿತು. ಈಗ ಗೋಣಿಚೀಲದಲ್ಲಿ ಕಲ್ಲು. ಬೆಂಗಳೂರಿನ ಬೀದಿಗಳಿಗೆ ಎಲೆಕ್ಟ್ರಿಕ್ ದೀಪ ಬಂದಿದೆಯಂತೆ, ಇರಲಿ. ನಮ್ಮ ಯಂತ್ರಕ್ಕೆ ಕಲ್ಲೇ ಸಾಕು. ದುರ್ಗದಲ್ಲಿ ಕಲ್ಲಿಗೇನು ಬರವೇ?

ತಾನೇ ತಿರುಗುತ್ತದೆ, ಅಂದಮೇಲೆ ಅದರಲ್ಲಿ ಜೀವವಿದೆ. ಜೀವವಿದ್ದದ್ದಕ್ಕೆ ವಿಭೂತಿ ಬೇಡವೇ? ಅತ್ತೆಯ ಲೆಕ್ಕ ಸರಳ.

ಆದರೆ ಇಷ್ಟು ವರ್ಷದಲ್ಲಿ ಅತ್ತೆ ಆ ದುರ್ಬೀನಿನಲ್ಲಿ ಏನನ್ನೂ ಕಂಡಿರಲಿಲ್ಲ.

ಯಾಕೆ? ಬಂದವರು ಮೊದಲು ನೋಡಬೇಕು. ಆಮೇಲೆ ಮನೆಯ ಗಂಡಸರು, ಆಮೇಲೆ ಮಕ್ಕಳು. ಅತ್ತೆ ಎಲ್ಲರಿಗೂ ಎಲೆಯಡಿಕೆ ಕೊಟ್ಟು, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬರುವಷ್ಟರಲ್ಲಿ ಚೀಲ ಗುಂಡಿಯ ತಳ ಮುಟ್ಟಿರುತ್ತಿತ್ತು, ಚುಕ್ಕಿ ಹೋಗಿರುತ್ತಿತ್ತು. "ಕಂಡ್ತೇನೇ?" ಎಂದು ಮಾವ ಕೇಳಿದರೆ, "ಹೂಂ, ಕಂಡ್ತು ಬಿಡ್ರಿ" ಎನ್ನುತ್ತಿದ್ದರು. ಒಮ್ಮೆ ಹುಣಸೆಹಣ್ಣು ಬಿಡಿಸುವಾಗ ನನಗೆ ಹೇಳಿದರು: "ಒಳಗೆ ಬರೇ ಕತ್ಲೆ ಕಣವ್ವ. ಅಷ್ಟು ಆಸೆಯಿಂದ ಕೇಳ್ತಾರೆ, ಯಾಕೆ ಬ್ಯಾಸರ ಮಾಡೋದು?"

ಆ ಮಾತನ್ನು ನಾನು ಮಾವನವರಿಗೆ ಮುಟ್ಟಿಸಿದೆ. (ಚಾಡಿ ಎನ್ನುವಿರಾದರೆ ಎನ್ನಿ.) ಅತ್ತೆಯ ಒಂದು ಕಣ್ಣಿಗೆ ಆಗಲೇ ಪೊರೆ ಮುಚ್ಚಿದೆ. ಇನ್ನೊಂದರಲ್ಲೂ ಶುರುವಾಗಿದೆ. ಬಂದವರೆಲ್ಲ ಉಂಗುರ ನೋಡಿ ಬೆರಗಾಗುವ ಶನಿಗ್ರಹ ಈಗ ಪಡುವಣಕ್ಕೆ ಇಳಿದಿದೆ. ಇನ್ನು ಕೆಲವೇ ದಿನಕ್ಕೆ ಸೂರ್ಯನ ಬೆಳಕಿನಲ್ಲಿ ಮುಳುಗಿ, ಮತ್ತೆ ಸಂಜೆಗೆ ಸಿಗಲು ಎಷ್ಟೋ ತಿಂಗಳು. ಅಷ್ಟರಲ್ಲಿ ಆ ಕಣ್ಣು? ಮಾವ ಪಂಚಾಂಗ ತೆಗೆದು ದಿನ ಎಣಿಸಿದರು. ಆಮೇಲೆ, "ಈ ಸೋಮವಾರ ಅವಳೊಬ್ಳೇ ನೋಡ್ಲಿ. ಬ್ಯಾರೆ ಯಾರೂ ಬ್ಯಾಡ" ಎಂದರು.

ಮೊನ್ನೆಯೇ ಆ ಸೋಮವಾರ. ಅತ್ತೆ ವಿಭೂತಿ ಹಚ್ಚಿ ಒಳಗೆ ಬಂದರು, ಮಾವ ಪರೀಕ್ಷೆಗೆಂದು ಹಗ್ಗ ಸುತ್ತಿದರು. ಗುಂಡುಗಳು ಅರ್ಧ ಸುತ್ತು ತಿರುಗಿ ನಿಂತವು. ಮತ್ತೆ ತಳ್ಳಿದರು. ಮತ್ತೆ ನಿಂತವು.

ಮಾವ ಚೀಲಕ್ಕೆ ಎರಡು ಕಲ್ಲು ಸೇರಿಸಿದರು. ಅಲ್ಲಾಡಲಿಲ್ಲ. ಇನ್ನೂ ಎರಡು. ಹಗ್ಗ ಕಿರ್ರೆಂದಿತು.

"ಮಾವಾ, ಕಲ್ಲು ಸಾಕು ಮಾಡ್ರಿ" ಎಂದೆ. ನಾನು ಓದಿದ ಬೆಂಗಳೂರಿನ ಕಾನ್ವೆಂಟಿನಲ್ಲಿ ಸಿಸ್ಟರ್ ನಮಗೆ ಇಂಗ್ಲಿಷ್ ಪದ್ಯಕ್ಕಿಂತ ಶ್ರದ್ಧೆಯಿಂದ ಕಲಿಸಿದ್ದು ಹೊಲಿಗೆ ಮೆಷಿನ್ನು ರಿಪೇರಿ ಮಾಡುವುದನ್ನು. ನಿಂತ ಚಕ್ರವನ್ನು ಬಲವಂತ ಮಾಡಬಾರದು, ಬಿಚ್ಚಿ ನೋಡಬೇಕು. ಪೆಟ್ಟಿಗೆಯ ಮುಚ್ಚಳ ತೆಗೆದೆವು. ಸೀಮೆಎಣ್ಣೆಯಲ್ಲಿ ನವಿಲುಗರಿ ಅದ್ದಿ (ಜೋಗಿಮಟ್ಟಿ ಕಾಡಿನ ಕಡೆಯಿಂದ ಸೌದೆ ತರುವಾಕೆ ಕೊಟ್ಟದ್ದು) ಹಲ್ಲುಗಳ ಸಂದಿಗೆ ಆಡಿಸಿದೆ.

ಗರಿಯ ತುದಿಗೆ ಬಂದದ್ದು ಬೂದುಬಣ್ಣದ ಅಂಟು. ರೊಟ್ಟಿ ಹಿಟ್ಟಿನಷ್ಟು ಗಟ್ಟಿ.

ನಾನು ಮಾವನವರ ಮುಖ ನೋಡಿದೆ. ಅವರು ನನ್ನ ಮುಖ ನೋಡಿದರು. ಪ್ರತಿ ಸೋಮವಾರ ಪೆಟ್ಟಿಗೆಗೆ ಎಳೆದ ವಿಭೂತಿ ಒಣಗಿ, ಉದುರಿ, ಮುಚ್ಚಳದ ಸೀಳಿನಿಂದ ಒಳಗೆ ಇಳಿದಿತ್ತು. ಅದನ್ನು ಅಲ್ಲೇ ಹಿಡಿದಿಟ್ಟದ್ದು ಹರಳೆಣ್ಣೆ. ಆ ಹರಳೆಣ್ಣೆ ಹಾಕುತ್ತಿದ್ದವಳು? ನಾನೇ. ಹೊಲಿಗೆ ಮೆಷಿನ್ನಿಗೆ ತೆಳು ಎಣ್ಣೆ ಬೇಕೆಂದು ಗೊತ್ತಿದ್ದೂ, ಇದು ದೊಡ್ಡ ಯಂತ್ರ, ದಪ್ಪ ಎಣ್ಣೆಯೇ ಒಳ್ಳೆಯದು ಎಂದುಕೊಂಡಿದ್ದೆ. ಇಬ್ಬರು ಹೆಂಗಸರು ಅಕ್ಕರೆಯಿಂದ ಕಲಸಿದ ಹಿಟ್ಟು ಅದು.

ಅಷ್ಟರಲ್ಲಿ ಬಾಗಿಲಲ್ಲಿ ಅತ್ತೆ. ನಾನು ಗರಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡೆ.

"ಏನಾಗೈತ್ರೀ ಅದಕ್ಕೆ?"

"ಏನಿಲ್ಲ ಕಣೇ" ಎಂದರು ಮಾವ. "ವಯಸ್ಸಾಗೈತೆ. ನನ್ನ ಮಂಡಿ ಹಂಗೆ ಹಿಡ್ಕಂಡೈತೆ."

"ನಾನು ದಿನಾ ಕೈ ಮುಗೀಬೇಕಿತ್ತು, ವಾರಕ್ಕೊಂದ್ಸಲ ಆಯ್ತು. ಅದಕ್ಕೇ ಇರಬೇಕು" ಎಂದು ಅತ್ತೆ ಪೇಚಾಡಿದರು.

ನಿಜ ಹೇಳಿದರೆ, ಜೀವಮಾನದಲ್ಲಿ ಒಮ್ಮೆ ತಮ್ಮ ಸರದಿ ಮೊದಲು ಬಂದ ದಿನವೇ, ತಾವೇ ಕೆಡಿಸಿದೆವೆಂದು ಹಿಂದೆ ಸರಿಯುತ್ತಾರೆ. ನಾನು ಎಂದೆ: "ಅತ್ತೆ, ಇನ್ಮೇಲೆ ಕಂಬಕ್ಕೆ ಹಚ್ರಿ. ಭಾರ ಎಲ್ಲ ಹೊತ್ಕಂಡು ನಿಂತಿರೋದು ಅದೇ ಅಲ್ವಾ?" ಅತ್ತೆ ಕಂಬವನ್ನು ಮೇಲಿಂದ ಕೆಳಗೆ ನೋಡಿದರು. "ಹೌದಲ್ವೇ, ಪಾಪ" ಎಂದರು.

ಮಧ್ಯಾಹ್ನದವರೆಗೂ ತೊಳೆದೆ. ಹೊಲಿಗೆ ಮೆಷಿನ್ನಿನ ಎಣ್ಣೆ, ಚಕ್ರಕ್ಕೊಂದು ಹನಿ. ಮಾವ ಹೆಚ್ಚಿನ ಕಲ್ಲುಗಳನ್ನು ತೆಗೆದರು. ಗುಂಡುಗಳು ಸುತ್ತಿದವು, ನಿಲ್ಲಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಶನಿ ಕಂಡಿತು. ಅತ್ತೆ ಕೊನೆಯ ಗಳಿಗೆಯಲ್ಲಿ ಕೊಸರಾಡಿದರು. "ಶನಿ ನಮ್ಮನ್ನ ನೋಡಿದ್ದೇ ಸಾಕಾಗೈತೆ. ನಾನು ಬ್ಯಾರೆ ಹೋಗಿ ಅವನನ್ನ ನೋಡ್ಲಾ?"

"ಬಾರೇ ಸುಮ್ನೆ."

ಅತ್ತೆ ಕಣ್ಣಿಟ್ಟರು. ತೆಗೆದರು. ಮತ್ತೆ ಇಟ್ಟರು. "ಎಲ್ಲೈತ್ರೀ?"

"ಹುಡುಕು. ಅವಸರ ಇಲ್ಲ. ಎಲ್ಲೂ ಹೋಗಲ್ಲ ಅದು."

ಯಂತ್ರದ ಸಣ್ಣ ಸದ್ದು. ಚೀಲ ಗೇಣು ಇಳಿಯಿತು. ಇನ್ನೊಂದು ಗೇಣು ಇಳಿಯಿತು. ನಾನು ಲಾಟೀನಿಗೆ ಸೆರಗು ಮರೆಮಾಡಿ ನಿಂತಿದ್ದೆ.

"ಅಯ್ಯ! ಬಳೆ ತೊಟ್ಟವ್ನಲ್ರೀ!"

ಸೊಸೆ ಎದುರಿಗಿದ್ದಾಳೆ ಎಂಬುದನ್ನೂ ಮರೆತು ಅತ್ತೆ ಮಾವನವರ ತೋಳು ಹಿಡಿದುಕೊಂಡಿದ್ದರು. ನಾನು ಗುಂಡಿಯೊಳಗಿನ ಚೀಲವನ್ನು ನೋಡುತ್ತಾ ನಿಂತೆ. ಮತ್ತೆಲ್ಲಿ ನೋಡಲಿ, ನೀವೇ ಹೇಳಿ?

ಆಗಲೇ ಪಕ್ಕದ ಮನೆಯ ಗಂಗಮ್ಮ ಹೆಪ್ಪು ಕೇಳಲು ಗೋಡೆಯ ಬಳಿ ಬಂದದ್ದು. ಇದೇನು ಕಲ್ಲು, ಇದೇನು ಹಗ್ಗ ಎಂದರು. ಅತ್ತೆ ನೋಡಿ ಮುಗಿಸುವವರೆಗೂ ಶನಿ ಸರಿದುಹೋಗದಂತೆ ಹಿಡಿದಿಡುವ ಏರ್ಪಾಡು ಎಂದು ನಾನು ವಿವರಿಸಿದೆ. ಗಂಗಮ್ಮ ಹೆಪ್ಪಿನ ಬಟ್ಟಲು ತೆಗೆದುಕೊಂಡು, ತಿರುಗಿ ಹೊರಡುತ್ತಾ ಎಂದರು:

"ನಮ್ಮನೇಲಿ ಊಟಕ್ಕೆ ಕುಂತ್ರೆ ನಮ್ಮೆಜಮಾನ್ರೇ ನನಗೆ ಕಾಯಲ್ಲ ಕಣವ್ವ. ನಿಮ್ಮತ್ತೆಗೆ ಶನಿಮಾತ್ಮ ಕಾಯ್ತಾನೆ!"