ಭಾವನ ಕೆನ್ನೆಯೊಳಗಿನ ಚರೆ

ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಮೈಸೂರಿನ ಆಸ್ಪತ್ರೆಯೊಂದರಲ್ಲಿ ನನ್ನ ಭಾವನ ಮೆದುಳಿನ ಎಂಆರ್‌ಐ ಸ್ಕ್ಯಾನ್ ಶುರುವಾಗುವ ಮೊದಲೇ ನಿಂತಿತು. ನಿಲ್ಲಿಸಿದ್ದು ನಾನು.

ಭಾವ ಎಂದರೆ ಅಕ್ಕನ ಗಂಡ. ಸೋಮವಾರಪೇಟೆ ಹತ್ತಿರ ಕಾಫಿ ತೋಟ. ಶುಗರ್ ಬಂದು ಬಹಳ ವರ್ಷವಾಯಿತು. ಎರಡು ವರ್ಷದಿಂದ ಪಾದದಲ್ಲಿ ಉರಿ. ವಿಚಿತ್ರ ನೋಡಿ, ಮುಳ್ಳು ಹೊಕ್ಕರೂ ಆ ಪಾದಕ್ಕೆ ತಿಳಿಯುವುದಿಲ್ಲ. ಹೊದಿಕೆ ತಾಗಿದರೆ ಮಾತ್ರ ಕೆಂಡ ಮೆಟ್ಟಿದವರಂತೆ ಕಾಲು ಎಳೆದುಕೊಳ್ಳುತ್ತಾರೆ. ಮರಗಟ್ಟಿದ ಕಾಲಿಗೆ ನೋವು ಎಲ್ಲಿಂದ ಬರುತ್ತದೆ?

ಆ ಆಸ್ಪತ್ರೆಯವರು ಅಧ್ಯಯನ ಮಾಡುತ್ತಿರುವುದೂ ಇದನ್ನೇ. ಶುಗರ್‌ನಿಂದ ನರ ಕೆಟ್ಟವರಲ್ಲಿ ಕೆಲವರಿಗೆ ಉರಿ, ಕೆಲವರಿಗೆ ಏನೂ ಇಲ್ಲ. ಎರಡೂ ಬಗೆಯವರ ಮೆದುಳನ್ನು ಸ್ಕ್ಯಾನ್ ಮಾಡಿ ಹೋಲಿಸುತ್ತಾರೆ. ಭಾವ ತಾವಾಗಿಯೇ ಹೆಸರು ಕೊಟ್ಟರು. ಜೊತೆಗೆ ಹೋದ ನಾನು ಫಾರಂ ತುಂಬಿದೆ.

‘ಮೈಯೊಳಗೆ ಲೋಹದ ವಸ್ತು ಇದೆಯೇ?’

"ಇಲ್ಲ ಅಂತ ಬರಿ," ಎಂದರು ಭಾವ. ಬರೆದೆ.

ಸ್ಕ್ಯಾನ್ ಮಾಡುವ ಹುಡುಗಿ ಮತ್ತೊಮ್ಮೆ ಕೇಳಿದಳು. ಪೇಸ್‌ಮೇಕರ್? ರಾಡ್? ಗುಂಡು?

"ಬಾಯಲ್ಲಿ ಹಲ್ಲೇ ಇಲ್ಲ ಕಣಮ್ಮ, ಲೋಹ ಎಲ್ಲಿಂದ ತರ್ಲಿ?"

ಅವಳು ನಕ್ಕಳು. ಭಾವನನ್ನು ಮೆಷಿನ್‌ಗೆ ಮೊದಲಿನ ತಯಾರಿ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದಳು. ಅಷ್ಟರಲ್ಲಿ ಅಕ್ಕನ ಫೋನ್.

"ಕೆನ್ನೆಯಲ್ಲಿರೋ ಕೋವಿ ಚರೆ ವಿಷಯ ಹೇಳಿದ್ರು ತಾನೆ?"

"ಯಾವ ಚರೆ?"

"ಅಯ್ಯೋ, ನಿಂಗೂ ಬೇಲಿ ತಂತಿ ಅಂತಾನೆ ಹೇಳಿದಾರಾ?"

ಭಾವನ ಬಲಗಣ್ಣಿನ ಕೆಳಗೊಂದು ಹಳೆಯ ಗಾಯದ ಗುರುತಿದೆ. ಮುಳ್ಳುತಂತಿ ಗೀರಿದ್ದು ಎಂದು ಮೂವತ್ತು ವರ್ಷ ನಂಬಿದ್ದೆ. (ವರದಿಗಾರನಾಗಿದ್ದವನು ನಾನು. ಒಮ್ಮೆಯೂ ಮರುಪ್ರಶ್ನೆ ಹಾಕಲಿಲ್ಲ.) ಎರಡೂ ಕೈಯಲ್ಲಿ ಬಾಗಿಲು ಬಡಿದೆ.

ಭಾವನನ್ನು ಹೊರಗೆ ಕರೆತಂದು ತೆಗೆದ ಎಕ್ಸ್‌ರೇಯಲ್ಲಿ ಎರಡು ಬಿಳಿ ಚುಕ್ಕೆ ಕಂಡವು. ಒಂದು ಕಣ್ಣುಗುಡ್ಡೆಗೆ ಅಂಟಿದಷ್ಟು ಹತ್ತಿರ.

"ಸೀಸವೋ ಕಬ್ಬಿಣವೋ?" ಡಾಕ್ಟರು ಕೇಳಿದರು. "ಕಬ್ಬಿಣವಾದರೆ ಎಂಆರ್‌ಐ ಮೆಷಿನ್ನಿನ ಮ್ಯಾಗ್ನೆಟ್ ಅದನ್ನು ಎಳೆಯುತ್ತದೆ. ಕಣ್ಣು ಉಳಿಯುವುದಿಲ್ಲ."

ಆಗ ಭಾವ ಬಾಯಿ ಬಿಟ್ಟರು. ಕಾಡುಹಂದಿ ಬೇಟೆಗೆ ಹೋಗಿದ್ದರಂತೆ. ಪೊದೆಯ ಆಚೆಯಿಂದ ಗೆಳೆಯನ ಕೋವಿ ಹಾರಿತ್ತು. ಕೇಸಾಗುತ್ತದೆಂದು ಆಸ್ಪತ್ರೆಗೆ ಹೋಗಲಿಲ್ಲ. ಕೈಗೆ ಸಿಕ್ಕ ಚರೆ ಕಿತ್ತು, ಸಿಗದ್ದನ್ನು ಬಿಟ್ಟು, ಬೇಲಿ ತಂತಿಯ ಕತೆ ಕಟ್ಟಿ ಎಲ್ಲರೂ ಮನೆಗೆ ಹೋದರು.

"ಕೋವಿ ತೋಟಾಗೆ ಚರೆ ತುಂಬಿದ್ದು ನಾವೇ ಸಾರ್. ಸೀಸ ಸಾಲ್ಲಿಲ್ಲ ಅಂತ ಸೈಕಲ್ ಬೇರಿಂಗ್ ಗುಂಡೂ ಹಾಕಿದ್ವು. ನಂಗೆ ಬಿದ್ದಿದ್ದು ಯಾವುದು ಅಂತ ಹೆಂಗೆ ಹೇಳ್ಲಿ?"

"ಗೊತ್ತಿಲ್ಲದೆ ಮಲಗಲು ಹೊರಟಿದ್ದಿರಾ?"

"ರೇಡಿಯೋ ಸ್ಪೀಕರಿನ ಮ್ಯಾಗ್ನೆಟ್ ಕೆನ್ನೆಗೆ ಹಿಡಿದು ನೋಡಿದ್ದೆ. ಎಳೀಲಿಲ್ಲ."

ಡಾಕ್ಟರು ಪೆನ್ನು ಕೆಳಗಿಟ್ಟರು. ಸ್ಕ್ಯಾನ್ ಕೋಣೆಯ ಮ್ಯಾಗ್ನೆಟ್ ಕಬ್ಬಿಣದ ಕುರ್ಚಿಯನ್ನೇ ಎಳೆದುಕೊಳ್ಳುತ್ತದೆ. ಭಾವನ ಹೆಸರು ಪಟ್ಟಿಯಿಂದ ಹೋಯಿತು.

ಕಾರಿಡಾರಿನ ಬೆಂಚಿನ ಮೇಲೆ ಭಾವನನ್ನು ಕೂರಿಸಿದೆ. ‘ಇಲ್ಲ’ ಎಂದು ಬರೆದ ಅಕ್ಷರ ನನ್ನದಲ್ಲವೇ?

"ಕಣ್ಣು ಹೋಗ್ತಿತ್ತಲ್ಲ ಭಾವ!"

"ನಿಂಗೆ ಗೊತ್ತಾಗಲ್ಲ ಬಿಡು. ನಿಮ್ಮಕ್ಕ ಸೋಮಾರಿ ಅಂತಾಳೆ. ಕಾಫಿ ಪಿಕಿಂಗ್‌ಗೆ ಬರೋರು ಸಾಹುಕಾರ್ರದ್ದು ನಾಟಕ ಅಂತಾರೆ. ಪಾದದಲ್ಲಿ ಗಾಯ ಇಲ್ಲ, ಊತ ಇಲ್ಲ. ತಲೆ ಫೋಟೋದಲ್ಲಿ ಕೆಂಪಗೆ ಏನಾದ್ರೂ ಬಂದಿದ್ರೆ, ಇಲ್ಲಿ ನೋಡ್ರಪ್ಪ ಅಂತ ತೋರಿಸ್ಬೋದಿತ್ತು."

ಒಬ್ಬರ ಸ್ಕ್ಯಾನ್ ನೋಡಿ ಅವರಿಗೆ ನೋವಿದೆಯೋ ಇಲ್ಲವೋ ಹೇಳಲಾಗದು, ಬಹಳ ಜನರದ್ದನ್ನು ಹೋಲಿಸಿದರೆ ಏನಾದರೂ ತಿಳಿಯಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಭಾವ ಅದನ್ನು ಕಿವಿಗೆ ಹಾಕಿಕೊಂಡಿರಲಿಲ್ಲ.

ಜ್ವರ ಅಳೆಯಲು ಥರ್ಮಾಮೀಟರ್ ಇದೆ. ನೋವಿಗೆ? ಅನುಭವಿಸುವವರ ಮಾತೊಂದೇ. ಆ ಮಾತನ್ನು ನಾವು ಎಷ್ಟು ನಂಬುತ್ತೇವೆ? ಕಳೆದ ಸುಗ್ಗಿಯಲ್ಲಿ ಕಾಫಿ ಕಣದ ಪಕ್ಕ ಚಪ್ಪಲಿ ಕಳಚಿ ಕೂತಿದ್ದ ಭಾವನನ್ನು ನಾನೇ ಕೇಳಿದ್ದೆ, "ಅಷ್ಟೊಂದು ಉರಿಯುತ್ತಾ?" ಅವರು ಚಪ್ಪಲಿ ಮೆಟ್ಟಿಕೊಂಡು ಎದ್ದು ಹೋದರು.

ಇಂದು ಶುಕ್ರವಾರ. ಭಾವ ಬೆಳಿಗ್ಗೆ ಅಕ್ಕನಿಗೆ ಹೇಳದೆ ಮೈಸೂರು ಬಸ್ ಹತ್ತಿದ್ದಾರೆ. ಹೋದ ವರ್ಷ ತಲೆಸುತ್ತು ಬಂದಾಗ ಊರಿನ ಡಾಕ್ಟರು ಎಂಆರ್‌ಐಗೆ ಬರೆದುಕೊಟ್ಟಿದ್ದ ಚೀಟಿಯೂ ಬೀರುವಿನಲ್ಲಿಲ್ಲ ಎಂದು ಅಕ್ಕ ಫೋನ್ ಮಾಡಿದಳು. ನನಗೆ ನಂಬರ್ ಸಿಕ್ಕ ಐದು ಸ್ಕ್ಯಾನಿಂಗ್ ಸೆಂಟರ್‌ಗಳಿಗೆ ಫೋನ್ ಮಾಡಿದೆ. ಮೂರು ಕಡೆ, ಆ ಹೆಸರಿನವರು ಬಂದಿಲ್ಲ ಎಂದರು. ಎರಡು ಕಡೆ ಎತ್ತುತ್ತಿಲ್ಲ.

ಈಗ ಮಧ್ಯಾಹ್ನ ಒಂದೂಮುಕ್ಕಾಲು. ಭಾವನ ಮೊಬೈಲ್ ಸ್ವಿಚ್ ಆಫ್ ಆಗಿದೆ.